ತಪ್ಪು ಡ್ರೈವರ್ದು

"ಹೊಸ ಕಂಪ್ಯೂಟರ್ ತಗೊಳ್ಳಿ" ಎಂದು ಉತ್ತರ ಬರೆದವನ ಕಪಾಳಕ್ಕೆ ಎರಡು ಬಿಗಿಯಬೇಕು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವನು ಯಾವ ಊರಿನವನೋ, ಯಾವ ದೇಶದವನೋ, ಮುಖ ನೋಡಿದವಳಲ್ಲ. ಇಂಟರ್ನೆಟ್ಟಿನಲ್ಲಿ ಇಂಥ ತೊಂದರೆಗಳನ್ನು ಕೇಳುವ ಜಾಗವೊಂದಿದೆ. ಅಲ್ಲಿ ನನ್ನ ಸಂಕಟವನ್ನೆಲ್ಲ ಬಿಡಿಸಿ ಬರೆದಿದ್ದೆ. ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷಿನ್ ಹಾಕಿದ್ದೇನೆ, ಅದರೊಳಗೆ ಹಳೇ ವಿಂಡೋಸ್ ಹಾಕಿದ್ದೇನೆ, ಅದರೊಳಗೆ ಲಾರಿ ಓಡಿಸುವ ಹಳೇ ಆಟವೊಂದನ್ನು ಹಾಕಿದ್ದೇನೆ. ಆಟ ಶುರುವಾಗುತ್ತದೆ, ಆದರೆ ರಸ್ತೆಬದಿಯ ಮರಗಳೆಲ್ಲ ಕಪ್ಪು ಡಬ್ಬಿಗಳಾಗಿ ಕಾಣುತ್ತವೆ, ಏನು ಮಾಡಲಿ ಎಂದು ಕೇಳಿದ್ದೆ. ಅದಕ್ಕೆ ಬಂದ ಉತ್ತರ ಇದು. ಅದರ ಕೆಳಗೆ ಇನ್ನೊಬ್ಬ "ನನಗೂ ಹಾಗೇ ಆಗಿತ್ತು, ಈಗ ಸರಿಹೋಗಿದೆ" ಎಂದು ಬರೆದು ಹೋಗಿದ್ದ. ಸರಿಹೋಗಿದ್ದರೆ ಹೇಗೆ ಸರಿಹೋಯಿತು ಅಂತ ಹೇಳೋ ಮಹರಾಯಾ! ಅದೊಂದನ್ನು ಮಾತ್ರ ಇವರು ಹೇಳುವುದಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಈಗ ಬರೆಯುತ್ತಿರುವುದೂ ಆ ಸಿಟ್ಟಿನಲ್ಲೇ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಒಬ್ಬರ ಮೇಲಲ್ಲ. ಆ ಉತ್ತರ ಬರೆದವನ ಮೇಲೆ, ಲ್ಯಾಪ್‌ಟಾಪಿನ ಮೇಲೆ, ಅಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅವ್ವನ ಮೇಲೆ.

ನಾವು ಕುರುಗೋಡಿನವರು. ಅಪ್ಪ ಲಾರಿ ಡ್ರೈವರ್. ಅದಿರು ತುಂಬಿದ ಲಾರಿ ಹೊಡೆದುಕೊಂಡು ಆಂಧ್ರದ ಬಂದರುಗಳಿಗೆ ಹೋಗಿಬಂದು ಹೋಗಿಬಂದು ಅರ್ಧ ಆಯುಷ್ಯ ಕಳೆದವನು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಾನೆ, ಸಿಟ್ಟು ಇಳಿದರೆ "ಪೋನೀಲೇ" ಅನ್ನುತ್ತಾನೆ. ಹೋಗಲಿ ಬಿಡು ಅಂತ. ಲಾರಿ ಬಿಟ್ಟ ಮೇಲೆ ಒಂದು ವ್ಯಾನ್ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಕುರುಗೋಡಿನ ಶಾಲೆಗೆ ಕರೆತಂದು, ಸಂಜೆ ವಾಪಸ್ ಬಿಡುತ್ತಿದ್ದ. ಹಳ್ಳಿಯ ದಾರಿ ಕಾಲುವೆ ಏರಿಯ ಮೇಲೆ. ಸಂಜೆ ಮಕ್ಕಳನ್ನು ಬಿಡಲು ಹೋಗುವಾಗ ಕಾಲುವೆ ಎಡಕ್ಕೆ ಬರುತ್ತದೆ. ತಡೆಗೋಡೆ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಈ ಕಥೆಯಲ್ಲಿ ಅಪಾಯದಲ್ಲಿ ಇದ್ದದ್ದು ಆ ವ್ಯಾನಿನ ಮಕ್ಕಳು. ನಾನು ಮಾತ್ರ ಕಪ್ಪು ಮರಗಳ ಹಿಂದೆ ಬಿದ್ದಿದ್ದೆ.

ಲಾರಿ ಆಟ ಶುರುವಾದದ್ದು ನಾನು ಕಾಲೇಜಿನಲ್ಲಿದ್ದಾಗ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಪ್ಪ ನನಗೆಂದು ಹಳೇ ಕಂಪ್ಯೂಟರ್ ಒಂದನ್ನು ಕೊಂಡುತಂದ. ಅಂಗಡಿಯವನು ಅದರ ಜೊತೆ ಮೇಲೆ ಏನೂ ಬರೆಯದ ಒಂದು ಸಿ.ಡಿ. ಕೊಟ್ಟು, "ಡ್ರೈವರ್ ಸಾಬ್, ಇದು ನಿಮ್ಮ ಸಲುವಾಗಿ" ಅಂದನಂತೆ. ಅದರಲ್ಲಿದ್ದದ್ದು ಈ ಆಟ. ಯಾವುದೋ ಬೆಟ್ಟಗುಡ್ಡದ ದೇಶ, ಉದ್ದನೆಯ ರಸ್ತೆ, ಮೇಲೆ ಕೆಂಪು ಲಾರಿ. ಕಂಪ್ಯೂಟರ್ ನನಗೆಂದು ಬಂದದ್ದು, ಕೂತದ್ದು ಅಪ್ಪ. ಬೆಳಗಿನ ಟ್ರಿಪ್ ಮುಗಿಸಿ, ಊಟ ಮಾಡಿ, ಸಂಜೆಯ ಟ್ರಿಪ್ಪಿನವರೆಗೆ ಆ ಲಾರಿ ಓಡಿಸುತ್ತಿದ್ದ. ಬೆಳಗ್ಗೆಯೆಲ್ಲ ಓಡಿಸಿ ಬಂದವನಿಗೆ ಮತ್ತೆ ಓಡಿಸುವ ಚಟ ಯಾಕೆ ಎಂದು ಅವ್ವ ಗೊಣಗಿದರೆ, "ಇಲ್ಲಿ ಆರ್.ಟಿ.ಓ. ಇಲ್ಲ ನೋಡು" ಅನ್ನುತ್ತಿದ್ದ.

ಆ ಕಂಪ್ಯೂಟರ್ ವರ್ಷಗಟ್ಟಲೆ ಬಾಳಿತು. ಹೋದ ಮಳೆಗಾಲದಲ್ಲಿ ಕರೆಂಟು ಒಮ್ಮೆಲೇ ಜಾಸ್ತಿ ಬಂದು ಸುಟ್ಟುಹೋಯಿತು. ಅಲ್ಲಿಗೆ ಆಟವೂ ಮುಗಿಯಿತು ಅಂದುಕೊಂಡೆ. ಅಪ್ಪ ಬಿಡಲಿಲ್ಲ.

"ಯವ್ವಾ, ಲಾರಿ ಆಟ ನಿನ್ನ ಡಬ್ಬಿಯೊಳಗ ಹಾಕಿ ಕೊಡು."

"ಫೋನಿನಾಗ ಬೇಕಾದಷ್ಟು ಲಾರಿ ಆಟ ಅದಾವಲ್ಲಪ್ಪ. ಅವನ್ನ ಆಡು."

"ಅವು ಬ್ಯಾಡ. ನನಗ ಅದೇ ಬೇಕು. ಆ ರಸ್ತಿ ನನಗ ಬಾಯಿಪಾಠ ಐತಿ. ಎಲ್ಲಿ ಮರ, ಎಲ್ಲಿ ಬೋರ್ಡು, ಎಲ್ಲಿ ಪೆಟ್ರೋಲ್ ಬಂಕು, ಎಲ್ಲಾ ಗೊತ್ತೈತಿ."

ಬಾಯಿಪಾಠ ಇರುವ ರಸ್ತೆಯೇ ಯಾಕೆ ಬೇಕು ಎಂದು ನಾನು ಆಗ ಕೇಳಲಿಲ್ಲ. ಮುದುಕರ ಹಟ ಅಂದುಕೊಂಡೆ.

ಡಬ್ಬಿ ಅಂದರೆ ನನ್ನ ಲ್ಯಾಪ್‌ಟಾಪ್, ಅದೂ ನನ್ನದಲ್ಲ, ಆಫೀಸಿನದು. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಚಿಕ್ಕ ಆಫೀಸು ನಮ್ಮದು. ವಾರದಲ್ಲಿ ಕೆಲವು ದಿನ ಬಸ್ಸಿನಲ್ಲಿ ಬಳ್ಳಾರಿಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್. ಅದನ್ನು ತೆಗೆದು ಬೇರೆ ಹಾಕಿದರೆ ನನ್ನನ್ನೇ ತೆಗೆಯುತ್ತಾರೆ. ಆಟ ಓಡುವುದು ಹಳೇ ವಿಂಡೋಸಿನಲ್ಲಿ ಮಾತ್ರ. ಹಾಗಾಗಿ ಉಳಿದದ್ದು ವರ್ಚುವಲ್ ಮಷಿನ್ ದಾರಿಯೊಂದೇ. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೂ ಇರಲಿಲ್ಲ. ಸಿರುಗುಪ್ಪದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಗೆಳತಿಯೊಬ್ಬಳಿದ್ದಾಳೆ. ಒಂದು ರವಿವಾರ ಅವಳ ಮನೆಗೆ ಹೋಗಿ, ಅಕ್ಕಿ ಗಿರಣಿಗಳ ಧೂಳು ಕುಡಿದು, ಅವಳ ಹಳೇ ಕಂಪ್ಯೂಟರಿನಲ್ಲಿ ಸಿ.ಡಿ.ಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಅವಳು ಅವತ್ತೇ ಹೇಳಿದ್ದಳು, "ಲೇ, ಆಟ ಓಡ್ತೈತಿ, ಆದ್ರ ಗ್ರಾಫಿಕ್ಸು ನಿನ್ನ ಜೀವ ತಿಂತೈತಿ ನೋಡ್ತಿರು."

ಅವಳ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ. ಅಂದಂತೆಯೇ ಆಯಿತು.

ವರ್ಚುವಲ್ ಮಷಿನ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುವ ಸಾಫ್ಟ್‌ವೇರ್. ಒಳಗಿನದಕ್ಕೆ ತಾನು ನಿಜವಾದ ಕಂಪ್ಯೂಟರ್ ಎಂದೇ ನಂಬಿಕೆ. ನಿನಗೆ ಮೆಮೊರಿ ಇದೆ ಅಂದರೆ ನಂಬುತ್ತದೆ, ಪರದೆ ಇದೆ ಅಂದರೆ ನಂಬುತ್ತದೆ. ಆಟ ಶುರುಮಾಡಿ, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಎಂದು ಅದು ಹುಡುಕತೊಡಗಿದಾಗ ಗುಟ್ಟು ರಟ್ಟಾಗುತ್ತದೆ. ಅಂಥ ಕಾರ್ಡು ಒಳಗೆ ಇಲ್ಲವೇ ಇಲ್ಲ. ಹೊರಗಿನ ಕಾರ್ಡನ್ನೇ ಒಳಗಿನದು ಎಂದು ತೋರಿಸಬೇಕು. ಆ ಕೆಲಸ ಮಾಡುವ, ಕಾರ್ಡಿಗೂ ಸಿಸ್ಟಮಿಗೂ ನಡುವೆ ಮಾತು ದಾಟಿಸುವ ಸಣ್ಣ ಸಾಫ್ಟ್‌ವೇರಿಗೆ ಡ್ರೈವರ್ ಎಂದು ಹೆಸರು. ಒಳಗೊಂದು ಡ್ರೈವರ್, ಹೊರಗೊಂದು ಡ್ರೈವರ್. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಪರದೆಯ ಮೇಲೆ ಅವಾಂತರ.

ಮೊದಲು ಪರದೆ ಪೂರ್ತಿ ಕಪ್ಪಾಯಿತು. ಸೌಂಡ್ ಮಾತ್ರ ಬರುತ್ತಿತ್ತು. ಲಾರಿ ಎಲ್ಲೋ ಕತ್ತಲಲ್ಲಿ ಗುರ್ ಅನ್ನುತ್ತಿತ್ತು. ಸೆಟ್ಟಿಂಗಿನಲ್ಲಿ ತ್ರೀ-ಡಿ ಎಂದು ಇದ್ದಲ್ಲಿ ಟಿಕ್ ಹಾಕಿದೆ. ಪರದೆ ಬಂತು, ಆಕಾಶ ಗುಲಾಬಿ ಬಣ್ಣಕ್ಕೆ ತಿರುಗಿತು. ವಿಡಿಯೊ ಮೆಮೊರಿ ಹೆಚ್ಚು ಮಾಡಿದೆ. ಆಕಾಶ ಸರಿಹೋಯಿತು, ರಸ್ತೆ ಮಾಯವಾಯಿತು. ಕೆಂಪು ಲಾರಿ ಗಾಳಿಯಲ್ಲಿ ತೇಲುತ್ತಿತ್ತು. ಬಣ್ಣದ ಮಟ್ಟ ಇಳಿಸಿದೆ. ರಸ್ತೆ ಬಂತು, ಮರಗಳು ಕಪ್ಪು ಡಬ್ಬಿಗಳಾದವು. ಒಂದನ್ನು ಕೂರಿಸಿದರೆ ಇನ್ನೊಂದು ಏಳುತ್ತಿತ್ತು. ಎರಡು ಬದಲಾವಣೆ ಒಟ್ಟಿಗೆ ಮಾಡಬಾರದು, ಒಂದೊಂದೇ ಮಾಡಿ ನೋಡಬೇಕು ಎಂದು ಗೆಳತಿ ಹೇಳಿದ್ದಳು. ಒಂದೊಂದೇ ಮಾಡುವ ತಾಳ್ಮೆ ನನ್ನ ಹಣೆಯಲ್ಲಿ ಬರೆದಿಲ್ಲ. ಸಿಕ್ಕಿದ್ದನ್ನೆಲ್ಲ ಒತ್ತಿ, ಯಾವುದರಿಂದ ಏನಾಯಿತು ಎಂದು ಗೊತ್ತಾಗದೆ, ಹಲ್ಲು ಕಡಿದು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಅವ್ವ ಅಡುಗೆಮನೆಯಿಂದ, "ಡಬ್ಬಿ ಒಡಿಬ್ಯಾಡ ಮಾರಾಯ್ತಿ, ಆಫೀಸಿಂದು" ಅನ್ನುತ್ತಿದ್ದಳು.

ಪ್ರತಿ ಬದಲಾವಣೆಯ ಮೇಲೂ ಅಪ್ಪನನ್ನು ಕೂರಿಸಿ ನೋಡು ಅನ್ನುತ್ತಿದ್ದೆ. ಮರಗಳು ಡಬ್ಬಿಗಳಾಗಿ ಕಂಡ ದಿನ ಅವನು ಬಹಳ ಹೊತ್ತು ಓಡಿಸಿ, ಕೊನೆಗೆ ಲಾರಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಎಡಗಡಿ ಸಾಮಾನು ಮೊದಲು ಇರಂಗಿಲ್ಲ. ಒಮ್ಮೆಲೇ ಎದುರಿಗಿ ಬರ್ತಾವು."

"ಹೌದಪ್ಪ. ಗ್ರಾಫಿಕ್ಸ್ ಸರಿ ಇಲ್ಲಂದ್ರ ಹಂಗ ಆಗ್ತೈತಿ. ದೂರದ್ದು ಬಿಡಿಸಾಕ ಆಗಂಗಿಲ್ಲ ಅದಕ್ಕ, ಹತ್ರ ಹೋದ್ಮ್ಯಾಲೆ ಗಬಕ್ನೆ ತೋರಸ್ತೈತಿ."

"ಅಂದ್ರ ಡಬ್ಬಿದು ತಪ್ಪು."

"ಮತ್ತ್ಯಾರ್ದು?"

"ಕಣ್ಣಿಂದಲ್ಲ ಅಂತೀ?"

"ಕಣ್ಣಿಗೇನ್ ಧಾಡಿ ನಿನಗ! ಗರುಡನ ಕಣ್ಣು ನಿನ್ನವು. ಡಬ್ಬಿದೇ ತಪ್ಪು."

ಅಪ್ಪ ನಕ್ಕ. ಎದ್ದು ಹೋಗಿ, ಏನೋ ಗುನುಗುತ್ತಾ, ಬಕೆಟ್ಟು ಹಿಡಿದು ವ್ಯಾನ್ ತೊಳೆದ. ಅಷ್ಟು ಖುಷಿಯಾಗಲು ನಾನೇನು ಹೇಳಿದೆ ಎಂದು ಒಂದು ಕ್ಷಣ ಅನ್ನಿಸಿತ್ತು. ಮರುಕ್ಷಣ ಮರಗಳ ಚಿಂತೆ.

ಆಮೇಲಿನ ದಿನಗಳಲ್ಲಿ ಇದು ನಡೆಯುತ್ತಲೇ ಹೋಯಿತು. ನಾನು ಏನಾದರೂ ಬದಲಿಸುವುದು, ಅಪ್ಪ ಓಡಿಸಿ ನೋಡುವುದು, "ಬಲಗಡಿ ಪರವಾಗಿಲ್ಲ, ಎಡಗಡಿ ಇನ್ನೂ ಹಂಗ ಐತಿ" ಅನ್ನುವುದು, ನಾನು ಡಬ್ಬಿಗೆ ಬೈಯುವುದು. ನಾನೇ ಕೂತು ನೋಡಿದರೆ ಮರಗಳು ಎರಡೂ ಕಡೆ ಮಿಣುಕುತ್ತಿದ್ದವು. ಇವನಿಗೆ ಎಡಗಡೆಯೇ ಯಾಕೆ? ಪ್ರಶ್ನೆ ತಲೆಗೆ ಬಂದಿತ್ತು. ಸಿಟ್ಟಿನ ತಲೆಯಲ್ಲಿ ಪ್ರಶ್ನೆಗಳು ನಿಲ್ಲುವುದಿಲ್ಲ. ಅಪ್ಪನ ವ್ಯಾನಿನ ಎಡಗಡೆಯ ಕನ್ನಡಿ ಒಡೆದದ್ದನ್ನೂ ನೋಡಿದ್ದೆ. "ಟ್ರ್ಯಾಕ್ಟರ್‌ನವ ತಿಕ್ಕಿ ಹೋದ" ಅಂದಿದ್ದ, ನಂಬಿದ್ದೆ. ಹೋದ ದಸರಾದಿಂದ ಅವ್ವ ದಿನಾ ವ್ಯಾನಿನಲ್ಲಿ ಮುಂದಿನ ಸೀಟಿಗೆ ಕೂತು ಹೋಗುತ್ತಿದ್ದಳು. "ಸಣ್ಣ ಹುಡುಗ್ರು ಕಿಟಕಿ ಹೊರಗ ತಲಿ ಹಾಕ್ತಾವು, ಒಬ್ರು ಬೇಕು" ಅಂದಿದ್ದಳು, ಅದನ್ನೂ ನಂಬಿದ್ದೆ. ಮಂಡಿನೋವು ಇಟ್ಟುಕೊಂಡು ಯಾಕೆ ಏರಿ ಇಳಿದು ಮಾಡುತ್ತೀ ಎಂದು ಬೈದದ್ದೂ ಇದೆ. ಒಮ್ಮೆ ನಾನೂ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ಅವ್ವ ದಾರಿಯುದ್ದಕ್ಕೂ ಲಾರಿಯ ಕ್ಲೀನರನ ಹಾಗೆ, "ಬರ್ಲಿ, ಬರ್ಲಿ... ನಿಂದ್ರ್ರಿ, ಎಮ್ಮಿ ಐತಿ... ಹಾಂ, ಬರ್ಲಿ" ಅನ್ನುತ್ತಿದ್ದಳು. ಮಕ್ಕಳೂ ಹಿಂದಿನಿಂದ ಕೋರಸ್ಸಾಗಿ ಬರ್ಲಿ ಬರ್ಲಿ ಅನ್ನುತ್ತಿದ್ದವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಅದು ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ಕಪ್ಪು ಮರಗಳ ಗಂಟು ಬಿಚ್ಚಿದ್ದು ಒಂದು ಮಧ್ಯಾಹ್ನ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಪ್ಪ ಊಟ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತು, ಸಂಜೆಯ ಟ್ರಿಪ್ಪಿಗೆ ಇನ್ನೂ ಹೊತ್ತಿದೆ ಎಂದು ವ್ಯಾನಿನ ಸೀಟು ಕವರುಗಳನ್ನು ಜಾಡಿಸುತ್ತಿದ್ದ. ಸಿರುಗುಪ್ಪದ ಗೆಳತಿ ಫೋನ್ ಮಾಡಿದಳು. ಒಳಗಿನ ವಿಂಡೋಸಿನಲ್ಲಿ ಪರದೆಗೆ ಯಾವ ಡ್ರೈವರ್ ಇದೆ ಎಂದು ನೋಡಲು ಹೇಳಿದಳು. ನೋಡಿದೆ. ವಿಂಡೋಸ್ ತಾನಾಗಿ ಹಾಕಿಕೊಂಡಿದ್ದ, ತ್ರೀ-ಡಿ ಅಂದರೇನೆಂದೇ ಗೊತ್ತಿಲ್ಲದ ಓಬೀರಾಯನ ಕಾಲದ ಡ್ರೈವರ್ ಹಾಗೇ ಕೂತಿತ್ತು. ವರ್ಚುವಲ್ ಮಷಿನ್ ಜೊತೆಗೆ ಬರುವ ಸರಿಯಾದ ಡ್ರೈವರನ್ನು ನಾನು ಹಾಕಿದೆನೆಂದುಕೊಂಡಿದ್ದೆ, ಅದು ಅರ್ಧಕ್ಕೆ ನಿಂತಿತ್ತು. ಇಷ್ಟು ದಿನ ಸೆಟ್ಟಿಂಗುಗಳನ್ನು ತಿರುವಿದ್ದೆಲ್ಲ ದಂಡ. ಪಿತ್ತ ನೆತ್ತಿಗೇರಿತು. ಫೋನಿನಲ್ಲಿ ಕೂಗಿದೆ. ನಾನು ಕೂಗಿದರೆ ದೊಡ್ಡ ಬಸವಣ್ಣನ ಗುಡಿಯವರೆಗೂ ಕೇಳುತ್ತದೆ ಎಂದು ಅವ್ವ ಹೇಳುವುದು ಸುಳ್ಳಲ್ಲ.

"ಇಷ್ಟ್ ದಿನ ಡಬ್ಬಿಗಿ ಬೈದಿದ್ದೇ ಬೈದಿದ್ದು ನೋಡಲೇ! ತಪ್ಪು ಡ್ರೈವರ್ದು! ಹಳೇ ಡ್ರೈವರ್ ಇಟ್ಕಂಡು ಹೆಂಗ ನಡಸಬೇಕು? ಎದುರಿಗಿ ಏನೈತಿ ಅಂತಾನ ಗೊತ್ತಾಗವಲ್ದು! ಇವತ್ತ ತೆಗೆದು ಹಾಕ್ತೀನಿ. ಬ್ಯಾರೆ ಡ್ರೈವರ್ ಹಾಕಿದ್ರ ಎಲ್ಲಾ ಸರಿ ಹೋಗ್ತೈತಿ."

ಫೋನ್ ಇಟ್ಟೆ. ಹಳೆಯದನ್ನು ತೆಗೆದೆ, ಹೊಸದನ್ನು ಹಾಕಿದೆ, ಒಳಗಿನ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಆಟ ತೆರೆದೆ. ಮರಗಳು! ಹಸಿರು ಮರಗಳು, ಎರಡೂ ಬದಿ, ದೂರದವರೆಗೆ ಸಾಲಾಗಿ. ಬೋರ್ಡುಗಳ ಮೇಲೆ ಅಕ್ಷರ ಕೂಡ ಓದಲು ಬರುತ್ತಿತ್ತು. ಅಪ್ಪನನ್ನು ಕೂಗಬೇಕೆಂದು ತಲೆ ಎತ್ತಿದರೆ ಅವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಸೀಟು ಕವರ್ ಇನ್ನೂ ಹೆಗಲ ಮೇಲಿತ್ತು. ಹತ್ತಿರ ಬಂದು ವ್ಯಾನಿನ ಕೀಲಿಯನ್ನು ಲ್ಯಾಪ್‌ಟಾಪಿನ ಮೇಲೆ ಇಟ್ಟ.

"ಯಾರ್ ಹೇಳಿದ್ರು ನಿನಗ?"

"ಸಿರುಗುಪ್ಪದಾಕಿ" ಎಂದೆ, ನಗುತ್ತಾ. ಡ್ರೈವರ್ ವಿಷಯ ಕೇಳುತ್ತಿದ್ದಾನೆ ಅಂದುಕೊಂಡಿದ್ದೆ.

"ಸಿರುಗುಪ್ಪದ ತನಕ ಸುದ್ದಿ ಹೋಗೇತಾ?" ಅಪ್ಪನ ಮುಖ ಇಳಿದುಹೋಯಿತು. "ನಿಮ್ಮವ್ವ ಹೇಳಿರಬೇಕು."

ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು. ಹಿಂದೆಯೇ ಅವ್ವನ ದನಿ: "ನಾ ಯಾರಿಗೂ ಹೇಳಿಲ್ಲ ನೋಡ್ರಿ! ನಿಮ್ಮಾಣಿ! ಕಣ್ಣಿನ ವಿಷ್ಯ ನಾ ಬಾಯಿ ಬಿಟ್ಟಿಲ್ಲ!"

ಕಣ್ಣಿನ ವಿಷಯ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದ. ನನಗೆ ಏನೂ ಗೊತ್ತಿರಲಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಕೀಲಿಯ ಕಡೆ ಕೈ ಚಾಚಿದ. ನಾನು ಮೊದಲು ಹಿಡಿದುಕೊಂಡೆ.

"ಕೂಡು ಇಲ್ಲಿ" ಅಂದೆ. "ಓಡಸು."

"ಯವ್ವಾ..."

"ಓಡಸು ಅಂದೆ!"

ಕೂತ. ಕೆಂಪು ಲಾರಿ ಹೊರಟಿತು. ಪರದೆ ಈಗ ಕನ್ನಡಿಯಷ್ಟು ಸ್ವಚ್ಛ. ಎಡಗಡೆ ಹಳದಿ ಬೋರ್ಡೊಂದು ಬರುತ್ತಿತ್ತು, ದೊಡ್ಡದು, ಬಾಗಿಲಿನಷ್ಟು. ಅಲ್ಲಿ ಏನಿದೆ ಎಂದು ಕೇಳಿದೆ. "ಬೋರ್ಡ್ ಐತಿ" ಅಂದ. ಬಾಯಿಪಾಠದ ರಸ್ತೆ, ಅವನಿಗೆ ಗೊತ್ತು. "ಕಾಣ್ತೈತೋ?" ಎಂದೆ. ಓಡಿಸುತ್ತಲೇ ಇದ್ದ. "ಕಾಣ್ತೈತೋ ಇಲ್ಲೋ ಹೇಳು!" ಲಾರಿ ಬೋರ್ಡಿನ ಹತ್ತಿರ ಬಂತು, ಮುಟ್ಟಿತು, ಉರುಳಿಸಿಕೊಂಡು ಹೋಯಿತು. ಅಪ್ಪ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಇದನ್ನ ನೋಡ್ಕಳ್ಳಾಕ ಬೇಕಿತ್ತು ನನಗ" ಅಂದ. "ಗೊತ್ತಿದ್ದ ರಸ್ತಿ ಆದ್ರ, ಯಾವುದು ಕಾಣವಲ್ದು ಅಂತ ತಿಳೀತೈತಿ. ಅದಕ್ಕ ಈ ಆಟ ಕೇಳಿದೆ. ಡಾಕ್ಟರ್ ಹತ್ರ ಹೋದ್ರ ಗಾಡಿ ಬಿಡಸ್ತಾರ."

"ಎಡಗಡಿ ಕಾಣಂಗಿಲ್ಲ ಅಂತ ನನಗ ಹೇಳಿದ್ಯಲ್ಲ, ಹಂಗಾರ!"

"ಹೇಳಿದೆ. ಡಬ್ಬಿದು ತಪ್ಪು ಅಂದಿ. ಕೇಳಿದಾಗೆಲ್ಲ ಡಬ್ಬಿದ ತಪ್ಪು ಅಂದಿ." ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, "ನನಗೂ ಹಂಗ ಇರಲಿ ಅನ್ನಿಸ್ತು" ಅಂದ.

ಆಗ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ನನ್ನ ಬಾಯಿಂದ ಬಂದ ಬೈಗುಳವನ್ನೇ ಸರ್ಟಿಫಿಕೇಟು ಮಾಡಿಕೊಂಡು ಜೇಬಿನಲ್ಲಿಟ್ಟು ಇವನು ಕಾಲುವೆ ಏರಿಯ ಮೇಲೆ ವ್ಯಾನ್ ಓಡಿಸಿದ್ದ. ನಾನು ಡಬ್ಬಿಗೆ ಬೈದಷ್ಟೂ ಇವನಿಗೆ ಧೈರ್ಯ. ಬಾಯಿಗೆ ಬಂದಂತೆ ಬೈದೆ. ಆ ಮಕ್ಕಳ ಹೆಸರು ಹೇಳಿ ಹೇಳಿ ಬೈದೆ. ಅವ್ವನ ಹಿಂದೆಯೇ ಕೂರುವ ಹಲ್ಲು ಬಿದ್ದ ಹುಡುಗಿ, ದಿನಾ ವಾಂತಿ ಮಾಡಿಕೊಳ್ಳುವ ಹುಡುಗ, ಒಂದೇ ಚೀಲ ಇಬ್ಬರೂ ಹೊರುವ ಅಕ್ಕತಮ್ಮ, ಯಾರನ್ನೂ ಬಿಡಲಿಲ್ಲ. ಅಪ್ಪನ ಬಾಯಿಂದ ಒಂದೇ ಒಂದು ತೆಲುಗು ಬೈಗುಳವೂ ಬರಲಿಲ್ಲ. ಅವನು ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಡುವೆ ನಿಂತಳು. "ನಾ ಇದ್ನಲ್ಲವ್ವಾ ಬಾಜೂಕ. ಎಡಗಡಿ ನಾ ನೋಡ್ತಿದ್ದೆ. ಒಂದ್ ದಿನಾನೂ ತಪ್ಪಿಸಿಲ್ಲ. ಜ್ವರ ಬಂದಾಗೂ ಹೋಗೀನಿ."

ಬರ್ಲಿ, ಬರ್ಲಿ. ನಿಂದ್ರ್ರಿ, ಎಮ್ಮಿ ಐತಿ. ಇವರಿಬ್ಬರೂ ಸೇರಿ ಒಬ್ಬ ಡ್ರೈವರ್ ಆಗಿದ್ದರು. ಅಪ್ಪನ ಕೈಕಾಲು, ಅವ್ವನ ಕಣ್ಣು. ಅವ್ವನಿಗೆ ಇದು ತಪ್ಪು ಎಂದು ಅನ್ನಿಸಿಯೇ ಇರಲಿಲ್ಲ. ತಾನು ಮಕ್ಕಳನ್ನು ಕಾಯುತ್ತಿದ್ದೇನೆ ಎಂದೇ ಅವಳ ಲೆಕ್ಕ. "ನಿನಗ ಕೆಮ್ಮು ಬಂದಿದ್ರ? ಆ ಹೊತ್ತಿಗೆ ನೀ ಹಿಂದಕ್ಕ ತಿರುಗಿ ಹುಡುಗ್ರಿಗಿ ಬೈತಿದ್ರ?" ಎಂದು ಕೇಳಿದೆ. ಅದನ್ನು ಅವಳು ಯೋಚಿಸಿರಲಿಲ್ಲ, ಅಥವಾ ಯೋಚಿಸಿ ಬದಿಗಿಟ್ಟಿದ್ದಳು.

ಶಾಲೆ ಬಿಡುವ ಹೊತ್ತು ಹತ್ತಿರ ಬರುತ್ತಿತ್ತು. ಅಪ್ಪ ಗೋಡೆಯ ಗಡಿಯಾರ ನೋಡಿದ.

"ಇವತ್ತೊಂದ್ ಟ್ರಿಪ್ಪು ಹೋಗಿ ಬರ್ತೀನಿ. ಹುಡುಗ್ರು ಕಾಯ್ತಿರ್ತಾವು. ನಾಳಿಂದ ಬ್ಯಾಡ."

"ಒಂದ್ ಟ್ರಿಪ್ಪಿಲ್ಲ, ಅರ್ಧ ಟ್ರಿಪ್ಪಿಲ್ಲ."

"ನಿಮ್ಮವ್ವ ಬರ್ತಾಳ..."

"ನನ್ನ ಹೆಣದ ಮ್ಯಾಲೆ ಹಾಯಿಸ್ಕಂಡು ಹೋಗು!"

ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಶಾಲೆಗೆ ಫೋನ್ ಮಾಡಿದೆ. ವ್ಯಾನ್ ಕೆಟ್ಟಿದೆ ಅಂದರೆ ಸಾಕು ಎಂದು ಅವ್ವ ಸನ್ನೆ ಮಾಡಿದಳು. ವ್ಯಾನ್ ಕೆಟ್ಟಿಲ್ಲ, ಡ್ರೈವರಿಗೆ ಎಡಗಡೆ ಕಾಣುವುದಿಲ್ಲ, ಇನ್ನು ಮುಂದೆ ಬರುವುದಿಲ್ಲ ಎಂದೇ ಹೇಳಿದೆ. ಸಂಜೆಯ ಹೊತ್ತಿಗೆ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟಿತು. ತಂದೆತಾಯಿಗಳು ಬೈಕು, ಟ್ರ್ಯಾಕ್ಟರ್, ಸಿಕ್ಕಿದ್ದು ಹತ್ತಿ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಒಬ್ಬನಂತೂ ಮಗಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ನೇರ ನಮ್ಮ ಮನೆ ಮುಂದೆ ಬಂದ. ಹಲ್ಲು ಬಿದ್ದ ಹುಡುಗಿಯ ಅಪ್ಪ.

"ನಿನ್ನ ನಂಬಿ ಕೂಸಿನ ಕಳಿಸಿದ್ನಲ್ಲೋ ಅಣ್ಣಾ! ಬಾಯಿಗಿ ಏನಾಗಿತ್ತು ನಿನಗ?"

ಅಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಆ ಹುಡುಗಿಗೆ ಏನೂ ಅರ್ಥವಾಗದೆ, "ತಾತಾ, ನಾಳಿ ಬರ್ತೀಯಿಲ್ಲ?" ಎಂದು ಕೇಳಿದಳು. ಅವಳ ಅಪ್ಪ ಗಾಡಿ ತಿರುಗಿಸಿಕೊಂಡು ಹೋದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಬೈದದ್ದು ಕಡಿಮೆಯಾಯಿತು ಅನ್ನಿಸಿತು, ಅದೇ ಹೊತ್ತಿಗೆ ಅಪ್ಪನ ಬಗ್ಗಿದ ಕುತ್ತಿಗೆ ನೋಡಿ ಅಳುವೂ ಬಂತು. ಒಳಗೆ ಹೋಗಿ ಅತ್ತೆ.

ಮರುದಿನವೇ ಬಳ್ಳಾರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರ್ ಅಪ್ಪನನ್ನು ಒಂದು ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಗಲ್ಲ ಊರಿಸಿ, ಕೈಗೆ ಒಂದು ಬಟನ್ ಕೊಟ್ಟರು. ಒಳಗೆ ಎಲ್ಲಾದರೂ ಬೆಳಕು ಮಿಣುಕಿದರೆ ಒತ್ತಬೇಕು. "ಇದೂ ಒಂದ್ ಆಟಾನ" ಅಂದ ಅಪ್ಪ. ಯಂತ್ರದಿಂದ ಬಂದ ಕಾಗದವನ್ನು ಡಾಕ್ಟರ್ ನನ್ನ ಮುಂದೆ ಇಟ್ಟರು. ಬಲಗಡೆ ಬಿಳಿ, ಅಲ್ಲಲ್ಲಿ ಬೂದಿ ಬಣ್ಣ. ಎಡಗಡೆ ಕಪ್ಪು ಡಬ್ಬಿಗಳು. ನನ್ನ ಪರದೆಯ ಮೇಲೆ ದಿನಗಟ್ಟಲೆ ಕಂಡು, ನಾನು ಹಗಲೆಲ್ಲ ಬೈದು ಅಟ್ಟಿದ್ದ ಅವೇ ಡಬ್ಬಿಗಳು. ಎರಡೂ ಕಣ್ಣಿನ ಒತ್ತಡ ಹೆಚ್ಚಾಗಿ ಎಡಬದಿ ತೋರಿಸುವ ನರ ಸತ್ತಿದೆ, ಇದರಲ್ಲಿ ನೋವು ಇರುವುದಿಲ್ಲ, ಕಪ್ಪು ಕೂಡ ಕಾಣುವುದಿಲ್ಲ, ಇಲ್ಲದ್ದು ಇಲ್ಲ ಎಂದೇ ತಿಳಿಯುವುದಿಲ್ಲ ಅಂದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು. ಒಂದು ವರ್ಷ ಮೊದಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಅಂತಲೂ ಅಂದರು. ಆ ಮಾತಿಗೆ ಅಪ್ಪ, "ಪೋನೀಲೇ" ಅಂದ. ಡಾಕ್ಟರಿಗೆ ನಗು ಬಂತು. ನನಗೆ ಆ ಪದ ಕೇಳಿ ಎದ್ದು ಹೋಗಬೇಕು ಅನ್ನಿಸಿತು.

ವ್ಯಾನನ್ನು ಈಗ ಕುಡತಿನಿಯಿಂದ ಬಂದ ಒಬ್ಬ ಹುಷಾರು ಮನುಷ್ಯ ಓಡಿಸುತ್ತಾನೆ. ಅದು ನಮ್ಮ ಮನೆ ಮುಂದೆ ಹಾದುಹೋಗುವಾಗ ಅಪ್ಪ ಒಳಗೆ ಎದ್ದು ಹೋಗುತ್ತಾನೆ. ನಾನು ಅವನೊಡನೆ ಸರಿಯಾಗಿ ಮಾತಾಡಿದ್ದು ಬಹಳ ದಿನಗಳ ಮೇಲೆ. ಅವ್ವನೊಡನೆ ಈಗಲೂ ಪೂರ್ತಿ ಸರಿಯಾಗಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಅಪ್ಪ ಒಂದು ದಿನ, ನಾಚಿಕೊಂಡು, "ಲಾರಿ ಆಟ ಹಂಗೇ ಐತೇನವ್ವಾ, ತೆಗೆದು ಹಾಕಿದ್ಯಾ?" ಎಂದು ಕೇಳಿದ. ತೆಗೆದಿರಲಿಲ್ಲ. ಅಷ್ಟು ಜೀವ ತಿಂದದ್ದನ್ನು ತೆಗೆಯುವ ಮನಸ್ಸಾಗಿರಲಿಲ್ಲ. ಕೊಡುತ್ತೇನೆ ಅನ್ನಲೂ ಇಲ್ಲ. ರವಿವಾರ ನಾನೊಬ್ಬಳೇ ಕೂತು, ಆ ಆಟದ ರಸ್ತೆಗಳನ್ನೆಲ್ಲ ತುದಿಯಿಂದ ತುದಿಗೆ ಓಡಿಸಿ ನೋಡಿದೆ. ಆಮೇಲೆ ಅವನನ್ನು ಕರೆದೆ.

ಈಗ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾನೆ. ಮೊದಲ ದಿನ ಅವನ ಎಡಕ್ಕೆ ನಾನು ಕೂತು, ಬೋರ್ಡು ಬಂತು, ಮರ ಬಂತು ಎಂದು ಸಿಡುಕುತ್ತಾ ಹೇಳುತ್ತಿದ್ದೆ. ಅವ್ವ ಒಗ್ಗರಣೆ ಮಂಡಕ್ಕಿ ತಟ್ಟೆ ತಂದು ಮೇಜಿನ ಮೇಲೆ ಕುಕ್ಕಿದಳು.

"ಏಳು ಮ್ಯಾಲೆ. ಅದು ನನ್ನ ಜಾಗ."

ಎದ್ದೆ. ಅವ್ವ ಕುರ್ಚಿ ಎಳೆದುಕೊಂಡು, ಮಂಡಿ ಒತ್ತಿಕೊಂಡು ಕೂತು, ಪರದೆಯ ಎಡಗಡೆಗೆ ಕಣ್ಣು ನೆಟ್ಟಳು. "ಬರ್ಲಿ, ಬರ್ಲಿ... ನಿಂದ್ರ್ರಿ, ಕಂಬ ಐತಿ... ಹಾಂ, ಬರ್ಲಿ." ಕೆಂಪು ಲಾರಿ ಹೋಗುತ್ತಲೇ ಇತ್ತು. ನಾನು ಇಬ್ಬರ ಬೆನ್ನ ಹಿಂದೆ ನಿಂತು ನೋಡಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೂ ಓಡಿಸಲಿ ಎಂದು ಬಿಟ್ಟಿದ್ದೇನೆ. ಆ ರಸ್ತೆಗಳಲ್ಲಿ ಎಲ್ಲಿಯೂ ಒಂದು ಮಗುವೂ ಇಲ್ಲ. ಅದನ್ನು ನೋಡಿಕೊಂಡ ಮೇಲೆಯೇ ಅವನ ಕೈಗೆ ಕೊಟ್ಟದ್ದು.